ಮಾಲ್ ಮೆನಿಂಗಾ ಅಂತ ಒಬ್ರಿದ್ದಾರೆ

ಉಡುಪಿಯಲ್ಲಿ ರಗ್ಬಿ ಲೀಗ್ ಅಂದ್ರೆ "ಅದೆಂತದು ಮಾರಾಯಾ" ಅಂತ ಕೇಳುವವರೇ ಜಾಸ್ತಿ, ಆದ್ರೆ ಒಂದು ಟೀಮಿಗೆ 13 ಜನ, 6 ಟ್ಯಾಕಲ್ ಆದ್ಮೇಲೆ ಚೆಂಡು ಎದುರಿನವ್ರಿಗೆ ಅಂತ ಹೇಳಿದ್ರೆ ಕಬಡ್ಡಿ ಹುಡುಗ್ರಿಗೆ ತಲೆಗೆ ಹೋಗ್ತದೆ. ನಂಗೆ ಅದ್ರಲ್ಲಿ ಆಸ್ಟ್ರೇಲಿಯಾದ ಮಾಲ್ ಮೆನಿಂಗಾ ಅಂದ್ರೆ ಭಾರೀ ಇಷ್ಟ. ಕೈಮೂಳೆ ಮತ್ತೆ ಮತ್ತೆ ಮುರಿದ್ರೂ ದಪ್ಪ ಗಾರ್ಡ್ ಕಟ್ಕೊಂಡು ಮೈದಾನಕ್ಕೆ ಇಳಿದ ಜನ, 1994ರ ಆಸ್ಟ್ರೇಲಿಯಾ ಲೀಗ್ ಫೈನಲಲ್ಲಿ ಎದುರಾಳಿ ಪಾಸ್ ಹಿಡಿದು ಓಡಿ ಟ್ರೈ (ಗೆರೆ ದಾಟಿ ಚೆಂಡು ನೆಲಕ್ಕೆ ಒತ್ತಿ ಅಂಕ ತೆಗೆಯೋದು) ಹೊಡೆದು ಕ್ಯಾನ್‌ಬೆರಾ ಕ್ಲಬ್ಬಿನ ಕ್ಯಾಪ್ಟನ್ನಾಗಿ ಕಪ್ ಎತ್ತಿದ್ರು. ಆಮೇಲೆ ಅದೇ ಕ್ಲಬ್ಬಿಗೆ 1997ರಿಂದ 2001ರವರೆಗೆ ಕೋಚ್, ಕಪ್ ಮಾತ್ರ ಇಲ್ಲ! 2006ರಲ್ಲಿ ಕ್ವೀನ್ಸ್‌ಲ್ಯಾಂಡ್ ರಾಜ್ಯದ ಟೀಮಿಗೆ ಕೋಚ್ ಆದ್ರು ನೋಡಿ, ನ್ಯೂ ಸೌತ್ ವೇಲ್ಸ್ ರಾಜ್ಯದ ಎದುರು ಪ್ರತಿ ವರ್ಷ ಆಡುವ ಸ್ಟೇಟ್ ಆಫ್ ಒರಿಜಿನ್ ಸರಣಿ ಸಾಲಾಗಿ 8 ವರ್ಷ ಗೆದ್ರು, ಒಟ್ಟು 10ರಲ್ಲಿ 9. ಒಳ್ಳೆ ಪ್ಲೇಯರ್ಸ್ ಇದ್ರು, ಸರಿ, ಆದ್ರೂ ಸುಲಭ ಅಲ್ಲ. ನಮ್ಮಲ್ಲಾದ್ರೆ ಎರಡು ಟೂರ್ನಮೆಂಟ್ ಸೋತ್ರೆ ಕೋಚನ್ನು ಮನೆಗೆ ಕಳಿಸ್ತಾರೆ.