ಪೋರ್ಟ್ 0 ಅನ್ನುವುದು ಹೆಸರಲ್ಲ

ನೆಟ್‌ವರ್ಕ್‌ನಲ್ಲಿ ಬರುವ ಡೇಟಾ ತುಣುಕುಗಳನ್ನು, ಅಂದರೆ ಪ್ಯಾಕೆಟ್‌ಗಳನ್ನು, ಫಾರ್ವರ್ಡ್ ಮಾಡುವ ಸಾಫ್ಟ್‌ವೇರ್ ಬರೆಯುವುದು ನನ್ನ ಕೆಲಸ. ನಮ್ಮ ಕಾನ್ಫಿಗ್ ಫೈಲ್‌ನಲ್ಲಿ ಬಹಳ ಕಾಲ ಇದ್ದದ್ದು ಎರಡೇ ಸಾಲು. ಪೋರ್ಟ್ (ನೆಟ್‌ವರ್ಕ್ ಕಾರ್ಡಿನಲ್ಲಿ ಕೇಬಲ್ ಚುಚ್ಚುವ ಜಾಗ) 0 ಅಂದರೆ ಒಳಗಿನ ನೆಟ್‌ವರ್ಕ್, ಪೋರ್ಟ್ 1 ಅಂದರೆ ಹೊರಗಿನದು. ಬರೆಯೋಕೂ ಸುಲಭ, ಓದೋಕೂ ಸುಲಭ. ಯಾರೂ ಅದರ ಬಗ್ಗೆ ತಲೆ ಕೆಡಿಸಿಕೊಂಡಿರಲಿಲ್ಲ.

ಒಂದು ದಿನ ಒಂದು ಸರ್ವರ್‌ಗೆ ಇನ್ನೊಂದು ನೆಟ್‌ವರ್ಕ್ ಕಾರ್ಡ್ ಹಾಕಿದರು. ಬೂಟ್ ಆಯಿತು, ಸಾಫ್ಟ್‌ವೇರ್ ಶುರುವಾಯಿತು, ಲಾಗ್‌ನಲ್ಲಿ ಒಂದೂ ಎರರ್ ಇಲ್ಲ, ಆದರೆ ಟ್ರಾಫಿಕ್ ಮಾತ್ರ ಪೂರ್ತಿ ನಿಂತುಹೋಗಿತ್ತು. ಕೇಬಲ್ ಬದಲಾಯಿಸಿದೆವು. ಸ್ವಿಚ್ ಕಡೆಯ ಸೆಟಿಂಗ್ ಎಲ್ಲ ನೋಡಿದೆವು. ಕೊನೆಗೆ ನಮ್ಮ ಪ್ರೋಗ್ರಾಂ ನಿಲ್ಲಿಸಿ, ಕಾರ್ಡನ್ನು ಲಿನಕ್ಸ್ ಕರ್ನಲ್‌ನ ಡ್ರೈವರ್‌ಗೆ ವಾಪಸ್ ಕೊಟ್ಟು, ಈಥ್‌ಟೂಲ್ ಅನ್ನುವ ಕಮಾಂಡ್‌ನಿಂದ ಪೋರ್ಟಿನ ಲೈಟ್ ಮಿಟುಕಿಸಿ ನೋಡಿದರೆ, ಮಿಟುಕಿದ್ದು ಕೇಬಲ್ಲೇ ಇಲ್ಲದ ಹೊಸ ಕಾರ್ಡ್! ಹೊಸ ಕಾರ್ಡಿಗೆ ಹಳೆಯದಕ್ಕಿಂತ ಚಿಕ್ಕ ಬಸ್ ನಂಬರ್ (ಯಂತ್ರದೊಳಗೆ ಕಾರ್ಡ್‌ಗಳು ಜೋಡಣೆಯಾಗುವ ದಾರಿಯ ನಂಬರ್) ಸಿಕ್ಕಿತ್ತು. ನಮ್ಮ ಪ್ರೋಗ್ರಾಂ ಸಿಕ್ಕ ಕ್ರಮದಲ್ಲಿ ಎಣಿಸುತ್ತಾ ಹೋಗುತ್ತದೆ, ಹಾಗಾಗಿ 0 ಮತ್ತು 1 ಎರಡೂ ಹೊಸ ಕಾರ್ಡಿನ ಪಾಲಾದವು.

ಲಿನಕ್ಸ್‌ನಲ್ಲಿ ನೆಟ್‌ವರ್ಕ್ ಪೋರ್ಟ್‌ಗಳಿಗೆ ಈಥ್0, ಈಥ್1 ಅಂತ ಹೆಸರು ಇದ್ದಾಗಲೂ ಇದೇ ಕಷ್ಟ ಇತ್ತು. ಕರ್ನಲ್‌ಗೆ ಯಾವುದು ಮೊದಲು ಸಿಗುತ್ತದೋ ಅದೇ ಈಥ್0. ಅದಕ್ಕೇ 2013ರಲ್ಲಿ, ಲಿನಕ್ಸ್‌ನ ಸೇವೆಗಳನ್ನು ಶುರುಮಾಡಿ ನೋಡಿಕೊಳ್ಳುವ ಸಿಸ್ಟಮ್‌ಡಿಯ 197ನೇ ಆವೃತ್ತಿ, ಡಿವೈಸ್ ಕೂತಿರುವ ಜಾಗದಿಂದ ಹೆಸರು ಕಟ್ಟುವ ಪದ್ಧತಿ ತಂದಿತು. ಇಎನ್‌ಪಿ3ಎಸ್0 ಅಂದರೆ ಬಸ್ 3, ಸ್ಲಾಟ್ 0.

ನಾವೂ ಅದೇ ದಾರಿ ಹಿಡಿದೆವು. ನಂಬರ್ ಬೇಡ, ಪಿಸಿಐ ವಿಳಾಸ (ಪಿಸಿಐ ಅಂದರೆ ಕಾರ್ಡ್‌ಗಳನ್ನು ಯಂತ್ರಕ್ಕೆ ಜೋಡಿಸುವ ಬಸ್) ಬರೆಯಿರಿ ಅಂದೆವು. 0000:03:00.0 ಅಂತ ನೋಡಿರುತ್ತೀರಿ. ಡೊಮೇನ್, ಬಸ್, ಡಿವೈಸ್, ಮತ್ತು ಡಿವೈಸ್ ಒಳಗಿನ ಉಪಘಟಕವಾದ ಫಂಕ್ಷನ್, ಅಷ್ಟೇ. ಎಲ್ಲ ಮುಗಿಯಿತು ಅಂದುಕೊಂಡೆವು, ಆದರೆ ಒಂದರ ಹಿಂದೆ ಒಂದು ದೂರು ಬಂತು. ಒಬ್ಬರು 10:00.0 ಅಂತ ಬರೆದು ಡಿವೈಸ್ ಸಿಗುತ್ತಿಲ್ಲ ಅಂದರು. ಅವರ ಇಂಟರ್‌ಫೇಸ್ ಹೆಸರು ಇಎನ್‌ಪಿ10ಎಸ್0, ಅಲ್ಲಿಂದ 10 ಎತ್ತಿಕೊಂಡಿದ್ದರು. ಆ ಹೆಸರಿನಲ್ಲಿ 10 ದಶಮಾಂಶ. ಪಿಸಿಐ ವಿಳಾಸದಲ್ಲಿ ಎಲ್ಲ ಹೆಕ್ಸಾಡೆಸಿಮಲ್ (ಹದಿನಾರರ ಲೆಕ್ಕ), ಅಲ್ಲಿ 10 ಅಂದರೆ ಹದಿನಾರನೇ ಬಸ್. ಅವರು ಬರೆಯಬೇಕಾಗಿದ್ದದ್ದು 0ಎ. ಇದರಲ್ಲಿ ಅವರ ತಪ್ಪು ಏನಿದೆ ಹೇಳಿ? ಇನ್ನೊಂದು ಕಡೆ ಒಂದೇ ಪಿಸಿಐ ಫಂಕ್ಷನ್ ಹಿಂದೆ ಎರಡು ಪೋರ್ಟ್ ಇರುವ ಕಾರ್ಡ್ ಇತ್ತು, ವಿಳಾಸ ಕೊಟ್ಟರೂ ಯಾವ ಪೋರ್ಟ್ ಅಂತ ಗೊತ್ತಾಗದು. ಎಲ್ಲಕ್ಕಿಂತ ಜಾಸ್ತಿ ಕಾಡಿದ್ದು ಏನೆಂದರೆ, ಬಸ್ ನಂಬರ್ ಕೂಡ ಹಾರ್ಡ್‌ವೇರ್ ಮೇಲೆ ಕೆತ್ತಿದ್ದಲ್ಲ. ಬೂಟ್ ಆಗುವಾಗ ಎಣಿಸಿ ಕೊಡುವುದು. ಬ್ರಿಡ್ಜ್ (ಒಂದು ಬಸ್‌ನಿಂದ ಇನ್ನೊಂದು ಬಸ್ ತೆರೆಯುವ ಭಾಗ) ಇರುವ ಕಾರ್ಡ್ ಒಂದು ಮಧ್ಯೆ ಸೇರಿಕೊಂಡರೆ ಅದರ ಮುಂದಿನವೆಲ್ಲ ಸರಿಯಬಹುದು.

ಹಾಗಾದರೆ ಮ್ಯಾಕ್ ವಿಳಾಸ, ಅಂದರೆ ನೆಟ್‌ವರ್ಕ್‌ನಲ್ಲಿ ಪೋರ್ಟನ್ನು ಗುರುತಿಸುವ ನಂಬರ್? ಕಾರ್ಡ್ ಕೆಟ್ಟು ಬದಲಾಯಿಸಿದರೆ ಮ್ಯಾಕ್ ಬದಲಾಗುತ್ತದೆ. ವರ್ಚುವಲ್ ಫಂಕ್ಷನ್‌ಗಳಿಗೆ (ಒಂದೇ ಕಾರ್ಡ್ ಹಲವು ಕಾರ್ಡ್‌ಗಳಂತೆ ತೋರಿಸುವ ತುಣುಕುಗಳು) ಹೋಸ್ಟ್ ಕಡೆಯಿಂದ, ಅಂದರೆ ಕಾರ್ಡ್ ಇರುವ ಮುಖ್ಯ ಯಂತ್ರದಿಂದ, ಮ್ಯಾಕ್ ಕೊಡದಿದ್ದರೆ, ಕೆಲವು ಡ್ರೈವರ್‌ಗಳು ತಾವೇ ಏನೋ ಒಂದು ಹುಟ್ಟಿಸಿಕೊಳ್ಳುತ್ತವೆ.

ಇಷ್ಟು ಓಡಾಡಿದ ಮೇಲೆ ನಮಗೆ ಹೊಳೆದದ್ದು, ಯಾವುದು ಸರಿಯಾದ ಹೆಸರು ಅಂತ ಹುಡುಕುತ್ತಿದ್ದದ್ದೇ ತಪ್ಪು. ಕಾನ್ಫಿಗ್‌ನಲ್ಲಿ ಜನ ಬರೆಯುವುದು ಹೆಸರಲ್ಲ, ಒಂದು ಪ್ರಶ್ನೆ. ಒಬ್ಬರಿಗೆ ಈ ಸ್ಲಾಟ್‌ನಲ್ಲಿ ಏನೇ ಇದ್ದರೂ ಅದು ಬೇಕು. ಇನ್ನೊಬ್ಬರಿಗೆ ಎಲ್ಲೇ ಕೂತಿದ್ದರೂ ಇದೇ ಕಾರ್ಡ್ ಬೇಕು. ಎರಡೂ ನ್ಯಾಯವಾದ ಪ್ರಶ್ನೆಗಳೇ ಅಲ್ವಾ? ಹಾಗಿದ್ದರೆ ಯಾವುದನ್ನು ಕೇಳುತ್ತಿದ್ದೇನೆ ಅಂತ ಬರೆಯೋಕೆ ಸಿಂಟ್ಯಾಕ್ಸ್‌ನಲ್ಲಿ ಜಾಗ ಇರಬೇಕು.

ಪ್ಯಾಕೆಟ್‌ಗಳನ್ನು ವೇಗವಾಗಿ ಸಾಗಿಸೋಕೆ ಬಳಸುವ ಡಿಪಿಡಿಕೆ ಅನ್ನುವ ಲೈಬ್ರರಿಯಲ್ಲಿ ಬಸ್, ಕ್ಲಾಸ್, ಡ್ರೈವರ್ ಅಂತ ಮೂರು ಪದರ ಮಾಡಿ ಮಧ್ಯೆ ಸ್ಲ್ಯಾಶ್ ಹಾಕುವ ಪದ್ಧತಿ ಇದೆ. ಅದನ್ನೇ ನೋಡಿಕೊಂಡು ನಮ್ಮದನ್ನು ಬರೆದೆವು:

ಬಸ್=ಪಿಸಿಐ,ಅಡ್ರೆಸ್=0000:03:00.0/ಕ್ಲಾಸ್=ಈಥರ್ನೆಟ್,ಮ್ಯಾಕ್=02:00:00:00:00:01

ಮೊದಲ ನೋಟಕ್ಕೆ ನನಗೆ ಈ ಪದರಗಳು ಸುಮ್ನೆ ಉದ್ದ ಅನ್ನಿಸಿದ್ದವು. ಕೋಡ್ ಬರೆಯುವಾಗ ಅರ್ಥವಾಯಿತು. ಡಿವೈಸ್ ಎಲ್ಲಿದೆ ಅನ್ನುವುದು ಡ್ರೈವರ್ ಲೋಡ್ ಆಗುವ ಮೊದಲೇ ಬಸ್‌ಗೆ ಗೊತ್ತಿರುತ್ತದೆ. ಅದರ ಮ್ಯಾಕ್ ಏನು, ಹಿಂದೆ ಎಷ್ಟು ಪೋರ್ಟ್ ಇದೆ ಅನ್ನುವುದು ಡ್ರೈವರ್ ಎದ್ದ ಮೇಲೆ ಮಾತ್ರ ತಿಳಿಯುತ್ತದೆ. ಎರಡನ್ನೂ ಒಂದೇ ಬುಟ್ಟಿಗೆ ಹಾಕಿದರೆ, ಮ್ಯಾಕ್ ಮಾತ್ರ ಕೊಟ್ಟವರಿಗಾಗಿ ಯಂತ್ರದಲ್ಲಿರುವ ಪ್ರತಿ ಕಾರ್ಡನ್ನೂ ಎಬ್ಬಿಸಿ ನೋಡಬೇಕು, ಅದರಲ್ಲಿ ಬೇರೆ ಪ್ರೋಗ್ರಾಂ ಬಳಸುತ್ತಿರುವ ಕಾರ್ಡೂ ಇರಬಹುದು, ಅದನ್ನು ಮುಟ್ಟಿದರೆ ಅವರ ಕೆಲಸ ಕೆಡುತ್ತದೆ. ಸ್ಲ್ಯಾಶ್‌ನ ಎಡಗಡೆ ಇರುವುದು ಯಾವುದನ್ನು ಎಬ್ಬಿಸಬಹುದು ಅಂತ ಹೇಳುತ್ತದೆ, ಬಲಗಡೆ ಇರುವುದು ಎದ್ದವುಗಳಲ್ಲಿ ಯಾವುದು ಬೇಕು ಅಂತ ಹೇಳುತ್ತದೆ. ಡ್ರೈವರ್ ಪದರ ಹುಡುಕೋಕೆ ಅಲ್ಲ, ಸಿಕ್ಕ ಡಿವೈಸ್‌ಗೆ ಸೆಟಿಂಗ್ ಕೊಡೋಕೆ.

ಚಿಹ್ನೆಗಳ ಬಗ್ಗೆ ತಂಡದಲ್ಲಿ ದಿನಗಟ್ಟಲೆ ಚರ್ಚೆ ನಡೆಯಿತು, ಅದು ಬೇಕಾಗಿಯೂ ಇತ್ತು. ಕೋಲನ್‌ನಿಂದ ಬೇರ್ಪಡಿಸೋಣ ಅಂದರೆ ಮ್ಯಾಕ್‌ನಲ್ಲೂ ಕೋಲನ್, ಪಿಸಿಐ ವಿಳಾಸದಲ್ಲೂ ಕೋಲನ್. ಸೆಮಿಕೋಲನ್ ಹಾಕಿದರೆ ಶೆಲ್ (ಕಮಾಂಡ್ ಓದಿ ನಡೆಸುವ ಪ್ರೋಗ್ರಾಂ) ಅಲ್ಲಿಗೇ ಕಮಾಂಡ್ ಕತ್ತರಿಸುತ್ತದೆ. ಚೌಕ ಕಂಸ ಮತ್ತು ನಕ್ಷತ್ರ ಚಿಹ್ನೆಯನ್ನು ಶೆಲ್ ಫೈಲ್ ಹೆಸರಿನ ಮಾದರಿ ಅಂದುಕೊಳ್ಳುತ್ತದೆ. ಉಳಿದದ್ದು ಕಾಮಾ, ಸಮಚಿಹ್ನೆ, ಸ್ಲ್ಯಾಶ್.

ಹೆಚ್ಚು ಯೋಚಿಸಬೇಕಾಗಿ ಬಂದದ್ದು ಉತ್ತರದ ಬಗ್ಗೆ. ಪ್ರಶ್ನೆ ಅಂದ ಮೇಲೆ ಉತ್ತರ ಒಂದೇ ಇರಬೇಕು ಅಂತಿಲ್ಲ. ಮೊದಲ ಆವೃತ್ತಿಯಲ್ಲಿ ಎರಡು ಡಿವೈಸ್ ಹೊಂದಿಕೊಂಡರೆ ಮೊದಲನೆಯದನ್ನು ತೆಗೆದುಕೊಳ್ಳುತ್ತಿದ್ದೆವು. ರಿವ್ಯೂ ಮಾಡಿದ ಸಹೋದ್ಯೋಗಿ ಅಲ್ಲೇ ಹಿಡಿದರು. ಮೊದಲನೆಯದು ಅಂದರೆ ಯಾವ ಕ್ರಮದಲ್ಲಿ ಮೊದಲನೆಯದು? ಬಾಗಿಲಿನಿಂದ ಹೊರಗೆ ಹಾಕಿದ ಪೋರ್ಟ್ 0 ಕಿಟಕಿಯಿಂದ ಒಳಗೆ ಬಂದಿತ್ತು. ಈಗ ಒಂದೇ ಡಿವೈಸ್ ಬೇಕಾದ ಕಡೆ ಎರಡು ಸಿಕ್ಕರೆ ಪ್ರೋಗ್ರಾಂ ಶುರುವಾಗುವುದಿಲ್ಲ, ಸಿಕ್ಕ ಎರಡನ್ನೂ ಪೂರ್ತಿ ರೂಪದಲ್ಲಿ ಲಾಗ್‌ಗೆ ಬರೆದು ನಿಲ್ಲುತ್ತದೆ. ಒಂದೂ ಸಿಗದಿದ್ದರೆ, ಯಾವ ಪದರದವರೆಗೆ ಹೊಂದಿಕೊಂಡಿತ್ತು ಅಂತ ಹೇಳುತ್ತದೆ. 10:00.0 ತರಹದ ತಪ್ಪಾದರೆ ಬಸ್ ಪದರದಲ್ಲೇ ಏನೂ ಸಿಗಲಿಲ್ಲ ಅಂತ ಬರುತ್ತದೆ, ಜೊತೆಗೆ ಯಂತ್ರದಲ್ಲಿ ಇರುವ ವಿಳಾಸಗಳ ಪಟ್ಟಿಯೂ ಬರುತ್ತದೆ.

ಹಳೆಯ ಪೋರ್ಟ್ 0 ಬರಹವನ್ನು ಇನ್ನೂ ತೆಗೆದಿಲ್ಲ. ಎಷ್ಟೋ ಯಂತ್ರಗಳಲ್ಲಿ ಅದೇ ಓಡುತ್ತಿದೆ, ಒಂದೇ ಸಲಕ್ಕೆ ಮುರಿಯೋಕೆ ಮನಸ್ಸು ಬರಲಿಲ್ಲ. ಆದರೆ ಶುರುವಾದಾಗಲೆಲ್ಲ ಅದರ ಬದಲು ಬರೆಯಬೇಕಾದ ಪೂರ್ತಿ ಸಾಲನ್ನು ಲಾಗ್‌ನಲ್ಲಿ ಕೊಡುತ್ತೇವೆ. ಮೊನ್ನೆ ಒಬ್ಬರು ಕಳಿಸಿದ ಕಾನ್ಫಿಗ್ ತೆರೆದು ನೋಡಿದೆ. ಆ ಸಾಲನ್ನು ಹಾಗೇ ಕಾಪಿ ಮಾಡಿ ಹಾಕಿದ್ದರು, ಪಕ್ಕದಲ್ಲಿ ಕಾಮೆಂಟ್ ಕೂಡ ಇತ್ತು: ಹೊರಗಿನ ನೆಟ್‌ವರ್ಕ್, ಮೇಲಿನ ಕಾರ್ಡ್, ಎಡಗಡೆ ಪೋರ್ಟ್.