ಹೆಂಜೇರಿನ ಕಂಬಗಳನ್ನು ಹುಡುಕಿಕೊಂಡು

ಪುರಾತತ್ವ ವಿಭಾಗದ ಬಸ್ಸಿನಲ್ಲಿ ಯಾರು ಎಲ್ಲಿ ಕೂರಬೇಕು ಎಂದು ಯಾರೂ ಹೇಳಬೇಕಾಗಿಲ್ಲ. ಮುಂದಿನ ಸೀಟುಗಳು ಶಾಸನದವರವು, ನಡುವಿನವು ಶಿಲ್ಪ ಮತ್ತು ದೇವಾಲಯದವರವು. ಹಿಂದುಗಡೆ, ಟೇಪು, ಅಳತೆಗೋಲು, ನೀರಿನ ಕ್ಯಾನುಗಳ ಮಧ್ಯೆ ಪ್ರಾಗಿತಿಹಾಸದವರು. ಉಳಿದವರು ಅವರನ್ನು ‘ಕಲ್ಲು ಹೆಕ್ಕುವವರು’ ಎನ್ನುತ್ತಾರೆ. ಅವರು ನಮ್ಮನ್ನು ‘ಗುಡಿ ಸುತ್ತುವವರು’ ಎನ್ನುತ್ತಾರೆ. ನಾನು ಗುಡಿ ಸುತ್ತುವವರ ಪೈಕಿ. ಎಂ.ಎ. ಮೊದಲ ವರ್ಷದವರು ಇನ್ನೂ ಯಾವ ಪಂಗಡಕ್ಕೂ ಸೇರಿರುವುದಿಲ್ಲವಾದ್ದರಿಂದ ಸಿಕ್ಕಲ್ಲಿ ಕೂರುತ್ತಾರೆ, ಎಲ್ಲರ ಕೆಲಸವನ್ನೂ ಮಾಡುತ್ತಾರೆ.

ನಾವು ಹೊರಟಿದ್ದು ಹೇಮಾವತಿಗೆ. ಶಿರಾ ಬಿಟ್ಟು ಬಸ್ಸು ಆಂಧ್ರದ ಕಡೆ ತಿರುಗುತ್ತಿದ್ದಂತೆ ಶಾಸನದವರು ಹೊಸಬರ ಪರೀಕ್ಷೆ ಶುರು ಮಾಡಿದರು. ಸಾವಿರ ವರ್ಷದ ಹಿಂದೆ ಆ ಸೀಮೆಯನ್ನು ಆಳಿದ ನೊಳಂಬ ಅರಸರ ವಂಶಾವಳಿಯನ್ನು ಒಬ್ಬೊಬ್ಬರು ಒಂದೊಂದು ಹೆಸರಿನಂತೆ ಹೇಳುತ್ತ ಹೋಗಬೇಕು: ಮಂಗಳ, ಸಿಂಹಪೋತ, ಚಾರುಪೊನ್ನೇರ, ಪೊಳಲ್ಚೋರ, ಮಹೇಂದ್ರ, ಅಯ್ಯಪದೇವ, ಅಣ್ಣಿಗ, ದಿಲೀಪ. ತಪ್ಪಿದವರಿಗೆ ಮಧ್ಯಾಹ್ನ ಪಾತ್ರೆ ತೊಳೆಯುವ ಶಿಕ್ಷೆ. ಪೊಳಲ್ಚೋರನ ಹತ್ತಿರ ಬಹಳ ಮಂದಿ ಮುಗ್ಗರಿಸಿದರು. ತರಗತಿಯಲ್ಲಿ ಇಡೀ ಸೆಮಿಸ್ಟರ್ ಕೇಳಿದರೂ ತಲೆಗೆ ಹತ್ತದ ಹೆಸರುಗಳು ಪಾತ್ರೆಯ ಭಯಕ್ಕೆ ಹತ್ತುತ್ತವೆ. ಕೆ.ಎ.ಎಸ್. ಪರೀಕ್ಷೆಯ ಮೇಲೆ ಕಣ್ಣಿಟ್ಟು ಈ ವಿಷಯ ಆರಿಸಿಕೊಂಡ ಹುಡುಗರೇ ಮೊದಲು ಬಾಯಿಪಾಠ ಒಪ್ಪಿಸಿದರು ಎಂಬುದನ್ನೂ ಹೇಳಬೇಕು.

ಹೇಮಾವತಿ ಈಗ ಶ್ರೀ ಸತ್ಯಸಾಯಿ ಜಿಲ್ಲೆಯ ಅಮರಾಪುರಂ ಮಂಡಲದ ಹಳ್ಳಿ. 2022ರವರೆಗೆ ಅನಂತಪುರ ಜಿಲ್ಲೆಯಲ್ಲಿತ್ತು. ಒಂದು ಕಾಲಕ್ಕೆ ಇದೇ ಹೆಂಜೇರು, ‘ನೊಳಂಬವಾಡಿ ಮೂವತ್ತೆರಡು ಸಾಸಿರ’ ಎಂದು ಕರೆಯುತ್ತಿದ್ದ ನೊಳಂಬರ ನಾಡಿನ ರಾಜಧಾನಿ. ಇಲ್ಲಿನ ಸಿದ್ಧೇಶ್ವರ ಗುಡಿಯ ಗರ್ಭಗುಡಿಯಲ್ಲಿ ಲಿಂಗವಿಲ್ಲ, ಮನುಷ್ಯರೂಪದ ಶಿವ ಕುಳಿತಿದ್ದಾನೆ. ಪಕ್ಕದ ದೊಡ್ಡೇಶ್ವರದಲ್ಲಿ ಹೆಸರಿಗೆ ತಕ್ಕ ದೊಡ್ಡ ಲಿಂಗ, ಎದುರಿಗೆ ನುಣುಪು ಕರಿಕಲ್ಲಿನ ನಂದಿ. ಆದರೆ ನೊಳಂಬ ಶಿಲ್ಪಿಯ ಕೈ ಕಾಣಬೇಕಾದರೆ ಜಾಲಂಧ್ರಗಳ, ಅಂದರೆ ಕಲ್ಲಿನ ಜಾಲರಿ ಕಿಟಕಿಗಳ, ಮುಂದೆ ನಿಲ್ಲಬೇಕು. ಬಳ್ಳಿಯ ಸುರುಳಿಗಳ ನಡುವೆ ಮೂರ್ತಿಗಳು. ಉಳಿದ ಸಂದಿಗಳಿಂದಲೇ ಒಳಗೆ ಗಾಳಿ, ಬೆಳಕು. ಹೊಯ್ಸಳರ ಕುಸುರಿಗೆ ಸಿಕ್ಕಿರುವ ಹೊಗಳಿಕೆಯಲ್ಲಿ ಕಾಲುಭಾಗವೂ ಇವರಿಗೆ ದಕ್ಕಿಲ್ಲ. ಇದು ಅನ್ಯಾಯ ಎಂದೇ ನನ್ನ ವಾದ.

ಸಂರಕ್ಷಿತ ಸ್ಮಾರಕವಾದ್ದರಿಂದ ಅನುಮತಿಯಿಲ್ಲದೆ ಶಾಸನದ ಅಚ್ಚು ತೆಗೆಯುವಂತಿಲ್ಲ. ಕಾಗದ ನೆನೆಸುವುದು, ಬ್ರಷ್ಷಿನಿಂದ ಬಡಿಯುವುದು, ಮಸಿ ಒತ್ತುವುದು ಯಾವುದೂ ಇಲ್ಲ, ಕಣ್ಣಿನಲ್ಲೇ ಓದಬೇಕು. ಅಕ್ಷರಗಳು ಸವೆದ ಕಲ್ಲಿಗೆ ನೇರ ಬಿಸಿಲು ಶತ್ರು. ನಾವು ಅಕ್ಕ ಎಂದು ಕರೆಯುವ ಪಿಎಚ್‌.ಡಿ. ವಿದ್ಯಾರ್ಥಿನಿ ಇಬ್ಬರ ಕೈಯಲ್ಲಿ ಕೊಡೆ ಹಿಡಿಸಿ ನೆರಳು ಮಾಡಿ, ಮತ್ತೊಬ್ಬನ ಕೈಗೆ ಕನ್ನಡಿ ಕೊಟ್ಟು ಬೆಳಕನ್ನು ಓರೆಯಾಗಿ ಹಾಯಿಸಿದರು. ಬರೀ ಗೀರು ಎಂದುಕೊಂಡಿದ್ದಲ್ಲಿ ಸಾಲುಗಳು ಎದ್ದವು. ಒಂದು ಸಾಲು ಓದಲು ನಾಲ್ಕು ಜನ ಬೇಕು. ಬಸ್ಸಿನ ಜಗಳಗಳು ಇಳಿದ ಮೇಲೆ ಉಳಿಯದಿರಲು ಇದೇ ಕಾರಣ.

ಊರಿನ ಮಕ್ಕಳು ಸುತ್ತ ನೆರೆದರು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು ಓದುವ ಮಕ್ಕಳು. ಅವರಲ್ಲೊಬ್ಬ ಕಲ್ಲಿಗೆ ಮೂಗು ತಾಗಿಸಿ ಎರಡು ಮೂರು ಅಕ್ಷರಗಳನ್ನು ಪಟಪಟನೆ ಹೇಳಿದ. ಸರಿಯಾಗಿತ್ತು. ಸಾವಿರ ವರ್ಷದ ಹಿಂದೆ ಎರಡೂ ಭಾಷೆಗೆ ಹೆಚ್ಚುಕಡಿಮೆ ಒಂದೇ ಲಿಪಿ. ಅವನ ಕಣ್ಣಿಗೆ ತೆಲುಗಿನ ತಲಕಟ್ಟು ಪರಿಚಿತವಾಗಿ ಕಂಡಿರಬೇಕು. ನಮ್ಮ ಮೊದಲ ವರ್ಷದವರ ಮುಖ ಸಣ್ಣದಾಯಿತು. ಮೇಡಂ ಅಂದಿನ ಪಾತ್ರೆಯ ಪಟ್ಟಿಗೆ ಇನ್ನೂ ಕೆಲವರನ್ನು ಸೇರಿಸಿದರು.

ಪ್ರಾಗಿತಿಹಾಸದವರು ಈ ಹೊತ್ತಿಗೆ ಕಾಣೆಯಾಗಿದ್ದರು. ಗುಡಿಗೆ ಬೆನ್ನು ಹಾಕಿ ಉತ್ತ ಹೊಲದಲ್ಲಿ ಮಡಕೆಯ ಚೂರು ನೋಡುತ್ತಿದ್ದವರನ್ನು ಊಟಕ್ಕೆ ಕರೆತರಬೇಕಾಯಿತು.

ಚಿತ್ರಾನ್ನ ತಿನ್ನುವಾಗ ಜಗಲಿಯಲ್ಲಿದ್ದ ಹಿರಿಯರೊಬ್ಬರು, “ಒಳ್ಳೊಳ್ಳೆ ಕಂಬಗಳೆಲ್ಲ ಹೋದವು, ನೀವು ನೋಡುವುದೇನು?” ಎಂದರು. ಮಾತು ಉತ್ಪ್ರೇಕ್ಷೆಯಲ್ಲ. 11ನೆಯ ಶತಮಾನದಲ್ಲಿ ಚೋಳರು ನೊಳಂಬರ ಕಂಬಗಳನ್ನು ಹೊತ್ತೊಯ್ದು ತಂಜಾವೂರಿನ ಬಳಿಯ ತಿರುವೈಯಾರಿನ ಗುಡಿಯಲ್ಲಿ ನಿಲ್ಲಿಸಿದರು. ಬ್ರಿಟಿಷರ ಕಾಲದಲ್ಲಿ ಹೇಮಾವತಿಯ ಶಿಲ್ಪಗಳು ಮದರಾಸಿನ ಮ್ಯೂಸಿಯಂ ಸೇರಿದವು. ಸರ್ ಅಷ್ಟನ್ನೂ ವಿವರಿಸಿದರು. ಹಿರಿಯರು ಕೇಳಿಸಿಕೊಂಡು, “ಹಾಗಾದರೆ ನೀವು ಅಲ್ಲಿಗೇ ಹೋಗಬೇಕಿತ್ತಲ್ಲ ತಾಯಿ” ಎಂದು ಅಕ್ಕನಿಗೆ ಹೇಳಿದರು.

ಹಿಂದಿರುಗುವಾಗ ಬಸ್ಸಿನಲ್ಲಿ ತಿರುವೈಯಾರಿನ ಲೆಕ್ಕಾಚಾರ ಆರಂಭವಾಯಿತು. ವಿಭಾಗದ ಅನುದಾನ ಡೀಸೆಲ್ಲಿಗೆ ಸಾಲದು. ತಲೆಗಿಷ್ಟು ಹಾಕಬೇಕು, ಅಡುಗೆ ಸಾಮಾನು ಹಾಸ್ಟೆಲಿನಿಂದ. ಹೆಸರು ಬರೆಯುವ ಪುಸ್ತಕ ಹಿಂದಿನ ಸೀಟಿಗೆ ಹೋಗಿ ಅಲ್ಲೇ ನಿಂತಿತು. 1863ರಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಶಿಲಾಯುಗದ ಕೈಗೊಡಲಿಗಳನ್ನು ಕಂಡ ಅತ್ತಿರಂಪಾಕ್ಕಂ ಚೆನ್ನೈಗೆ ಹತ್ತಿರವೇ ಇದೆ, ಮ್ಯೂಸಿಯಂ ನೋಡಲು ಅಲ್ಲಿಗೆ ಹೇಗೂ ಹೋಗುತ್ತೇವೆ, ಒಂದು ದಿನ ತಮಗೆ ಬಿಟ್ಟುಕೊಟ್ಟರೆ ಮಾತ್ರ ಹಣ ಎಂದು ಕಲ್ಲು ಹೆಕ್ಕುವವರು ಷರತ್ತು ಹಾಕಿದರು. ಶಾಸನದವರು ಅರ್ಧ ದಿನಕ್ಕೆ ಒಪ್ಪಿದ್ದಾರೆ. ಚೌಕಾಸಿ ಇನ್ನೂ ನಡೆದಿದೆ.