ಹಕ್ಕಿಗೂ ಅಕ್ಕಿಗೂ ನಡುವಿನ ಉಸಿರು

ಮಂಡ್ಯ ಜಿಲ್ಲೆಯ ಹಳ್ಳಿಯೊಂದರ ಸರ್ಕಾರಿ ಪ್ರೌಢಶಾಲೆಯಲ್ಲಿ ನಾನು 14 ವರ್ಷಗಳಿಂದ ಇಂಗ್ಲಿಷ್ ಕಲಿಸುತ್ತಿದ್ದೇನೆ. ಕಳೆದ ಜನವರಿಯ ಒಂದು ಬೆಳಿಗ್ಗೆ, ಪ್ರಾರ್ಥನೆಗೆ ಮೊದಲು ನಡೆಯುವ ವಿಶೇಷ ತರಗತಿಯಲ್ಲಿ, ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ನನ್ನ ಫೋನನ್ನು ಬಾಯಿಯ ಹತ್ತಿರ ಹಿಡಿದು, ಕೋಳಿ ಎಂಬ ಅರ್ಥದ ‘ಹೆನ್’ ಪದವನ್ನು ನಾಲ್ಕು ಸಲ ಹೇಳಿದಳು. ಹೇಳಿದ್ದನ್ನು ಕೇಳಿಸಿಕೊಂಡು ತಾನೇ ಬರೆಯುವ ಸೌಲಭ್ಯವನ್ನು ನಾನು ತೆರೆದುಕೊಟ್ಟಿದ್ದೆ. ಪರದೆಯ ಮೇಲೆ ಮೊದಲು ಬಂದದ್ದು ‘ಎಂಡ್’, ಆಮೇಲೆ ‘ಆ್ಯಂಡ್’, ಉಳಿದ ಎರಡು ಸಲವೂ ಜಪಾನಿನ ಹಣದ ಹೆಸರಾದ ‘ಯೆನ್’. ಅವಳು ಫೋನನ್ನು ನನ್ನ ಕೈಗೆ ಕೊಟ್ಟು, “ಮಿಸ್, ಮೊನ್ನೆ ಸರಿಯಾಗಿ ಬಂದಿತ್ತಲ್ಲ?” ಎಂದು ಕೇಳಿದಳು. ಆ ಪ್ರಶ್ನೆಗೆ ಪ್ರಾಮಾಣಿಕವಾಗಿ ಉತ್ತರಿಸಬೇಕಾದರೆ, ಮೊನ್ನೆ ನಾನು ಮಾಡಿದ ತಪ್ಪನ್ನು ನಾನು ಒಪ್ಪಿಕೊಳ್ಳಲೇಬೇಕಿತ್ತು.

ಈ ಹುಡುಗಿ ತಾನಾಗಿ ಎದ್ದು ನಿಂತು ಓದಿದವಳಲ್ಲ. ಜೂನ್ ತಿಂಗಳಲ್ಲಿ ಒಮ್ಮೆ ಪಾಠ ಓದಿಸಿದಾಗ ‘ಹೌಸ್’ ಎಂಬುದು ಅವಳ ಬಾಯಲ್ಲಿ ‘ಔಸ್’ ಆಗಿ, ಹಿಂದಿನ ಬೆಂಚಿನವರು ನಕ್ಕಿದ್ದರು. ನಕ್ಕವರ ಮನೆಗಳಲ್ಲಿಯೂ ಹಾಲು ‘ಆಲು’, ಹೋಗು ‘ಓಗು’, ಹಸು ‘ಅಸ’ ಎಂದೇ ನುಡಿಯುವುದು ರೂಢಿ; ಆದರೂ ನಕ್ಕರು. ಅಂದಿನಿಂದ ಅವಳು ತಲೆ ತಗ್ಗಿಸಿ ಕೂರುತ್ತಿದ್ದಳು. ಎಸ್ಸೆಸ್ಸೆಲ್ಸಿಯ ದ್ವಿತೀಯ ಭಾಷೆಯ 80 ಅಂಕಗಳ ಲಿಖಿತ ಪರೀಕ್ಷೆಯಲ್ಲಿ ಮಕ್ಕಳಿಂದ ಬಾಯಿಬಿಟ್ಟು ಓದಿಸುವವರು ಯಾರೂ ಇಲ್ಲವಾದ್ದರಿಂದ, ಹೀಗೆ ಮೌನವಾಗಿಯೇ ಒಳ್ಳೆಯ ಅಂಕ ಪಡೆದು ಹೋಗುವ ಮಕ್ಕಳು ಬಹಳ. ಅವರು ಮುಂದೆ ಪಿಯುಸಿಗೆ ಸೇರಿ, ಇಂಗ್ಲಿಷಿನಲ್ಲೇ ನಡೆಯುವ ಪಾಠಗಳ ನಡುವೆ ಒಂದು ಸಂಶಯವನ್ನೂ ಕೇಳಲಾರದೆ ಕುಳಿತುಕೊಳ್ಳುತ್ತಾರೆಂಬುದನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಉಚ್ಚಾರಣೆಯನ್ನು ಕಲಿಸಲು ನಾನು ಅಂತರಜಾಲದ ಮೊರೆಹೋದದ್ದಕ್ಕೆ ಕಾರಣ ಮಕ್ಕಳ ಪಠ್ಯಪುಸ್ತಕಗಳ ಅಂಚು. ಪ್ರತಿಯೊಬ್ಬರ ಪುಸ್ತಕದಲ್ಲೂ ಇಂಗ್ಲಿಷ್ ಪದಗಳ ಮೇಲೆ ಪೆನ್ಸಿಲಿನಲ್ಲಿ ಸಣ್ಣದಾಗಿ ಕನ್ನಡ ಅಕ್ಷರಗಳು ಇರುತ್ತಿದ್ದವು: ‘ವೆಡ್‌ನೆಸ್‌ಡೇ’, ‘ವಾಕೆಡ್’, ‘ವೆಜಿಟೇಬಲ್’. ನಮ್ಮದು ಬರೆದಂತೆ ಓದುವ ಭಾಷೆ. ಆ ನಂಬಿಕೆಯನ್ನೇ ಮಕ್ಕಳು 26 ಅಕ್ಷರಗಳಲ್ಲಿ ಸುಮಾರು 44 ಧ್ವನಿಗಳನ್ನು ಹೊತ್ತುಕೊಂಡ ಭಾಷೆಗೂ ಅನ್ವಯಿಸುತ್ತಾರೆ. ಕನ್ನಡದಲ್ಲಿ ಬರೆದುಕೊಳ್ಳಬೇಡಿ ಎಂದು ಮೊದಮೊದಲು ಗದರುತ್ತಿದ್ದೆ. ಕ್ರಮೇಣ ಅದು ಅವರ ಊರುಗೋಲೆಂದು ತಿಳಿಯಿತು. ಜೊತೆಗೆ, ಆ ಊರುಗೋಲು ಎಲ್ಲಿ ಜಾರುತ್ತದೆ ಎಂಬುದೂ ತಿಳಿಯಿತು. ಬನಿಯನ್ನಿಗೂ ಪಶ್ಚಿಮ ದಿಕ್ಕಿಗೂ ಕನ್ನಡದಲ್ಲಿ ಬರೆಯುವುದು ‘ವೆಸ್ಟ್’ ಎಂದೇ. ಮೊದಲನೆಯದರಲ್ಲಿ ಮೇಲಿನ ಹಲ್ಲು ಕೆಳದುಟಿಯನ್ನು ಮುಟ್ಟಬೇಕು, ಎರಡನೆಯದರಲ್ಲಿ ತುಟಿಗಳು ದುಂಡಗಾಗಬೇಕು, ಹಲ್ಲು ಸೋಕಬಾರದು. ಈ ಭೇದವನ್ನು ನಮ್ಮ ಒಂದು ‘ವ’ಕಾರದಿಂದ ತೋರಿಸಲಾಗದು, ಕಿವಿಯಿಂದ ಕೇಳಬೇಕು, ಬಾಯಿಯನ್ನು ನೋಡಬೇಕು.

ನನ್ನ ತಲೆಮಾರಿನ ಬಹುಪಾಲು ಶಿಕ್ಷಕರು ಇಂಗ್ಲಿಷನ್ನು ಕಲಿತದ್ದು ಕಣ್ಣಿನಿಂದ. ಬ್ರಿಟಿಷ್ ಧ್ವನಿವಿಜ್ಞಾನಿ ಡೇನಿಯಲ್ ಜೋನ್ಸ್ 1917ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಉಚ್ಚಾರಣಾ ಕೋಶದ ಮುಂದಿನ ಆವೃತ್ತಿಯೊಂದನ್ನು ಬಿ.ಎಡ್. ಓದುವಾಗ ಗ್ರಂಥಾಲಯದಲ್ಲಿ ತಿರುವಿ ಹಾಕಿದ್ದೆ. ಅದರಲ್ಲಿ ಸಂಕೇತಗಳಿದ್ದವು, ಆದರೆ ಆ ಸಂಕೇತಗಳಿಗೆ ಧ್ವನಿ ಕೊಡುವವರು ಸುತ್ತಮುತ್ತ ಯಾರೂ ಇರಲಿಲ್ಲ. ಈಗ ಕೇಂಬ್ರಿಡ್ಜ್ ನಿಘಂಟಿನ ಜಾಲತಾಣದಲ್ಲಿ ಪದದ ಪಕ್ಕದ ಸ್ಪೀಕರ್ ಗುರುತನ್ನು ಒತ್ತಿದರೆ ಬ್ರಿಟಿಷ್ ಉಚ್ಚಾರಣೆಯೂ ಅಮೆರಿಕನ್ ಉಚ್ಚಾರಣೆಯೂ ಬೇರೆ ಬೇರೆಯಾಗಿ ಕೇಳಿಸುತ್ತವೆ. ಹಾಗೆ ಕೇಳಿಸಿದ ಮೊದಲ ದಿನ ‘ವೆಜಿಟೇಬಲ್’ ಎಂಬುದರಲ್ಲಿ ‘ಟೇಬಲ್’ ಇಲ್ಲವೇ ಇಲ್ಲ, ‘ವೆಜ್‌ಟಬಲ್’ ಎಂದು ಮೂರೇ ತುಂಡಿನಲ್ಲಿ ಅದು ಮುಗಿಯುತ್ತದೆ ಎಂದು ತರಗತಿಗೆಲ್ಲ ಗೊತ್ತಾಯಿತು. ಅದುವರೆಗೆ ನಾನೂ ಟೇಬಲ್ ಸೇರಿಸಿಯೇ ಹೇಳಿಕೊಡುತ್ತಿದ್ದೆನೆಂದು ಮಕ್ಕಳ ಮುಂದೆ ಒಪ್ಪಿಕೊಂಡೆ. ಹಾಗೆ ಒಪ್ಪಿಕೊಂಡ ಮೇಲೆ ಅವರು ಹೆಚ್ಚು ಧೈರ್ಯದಿಂದ ಬಾಯಿ ತೆರೆದರು. ಯೂಗ್ಲಿಷ್ ಎಂಬ ಇನ್ನೊಂದು ತಾಣದಲ್ಲಿ ಪದವೊಂದನ್ನು ಟೈಪಿಸಿದರೆ, ಯೂಟ್ಯೂಬಿನ ವಿಡಿಯೊಗಳಲ್ಲಿ ಯಾರ್‍ಯಾರು ಆ ಪದವನ್ನು ಆಡಿದ್ದಾರೋ ಆ ಕ್ಷಣಗಳು ಒಂದಾದ ಮೇಲೊಂದು ಬರುತ್ತವೆ. ನಿಘಂಟಿನಲ್ಲಿ ಒಂಟಿಯಾಗಿ ಕೇಳಿದ ಪದ ನಿಜವಾದ ಮಾತಿನ ಓಟದಲ್ಲಿ ಹೇಗೆ ಕುಗ್ಗುತ್ತದೆ ಎಂಬುದನ್ನು ತೋರಿಸಲು ನನಗೆ ಅದಕ್ಕಿಂತ ಒಳ್ಳೆಯ ಸಾಧನ ಸಿಕ್ಕಿಲ್ಲ.

ಮಕ್ಕಳು ಶಾಲೆಗೆ ಫೋನ್ ತರುವಂತಿಲ್ಲ. ಹಾಗಾಗಿ ನನ್ನ ಫೋನು ಮತ್ತು ಮನೆಯಲ್ಲಿದ್ದ ಹಳೆಯ ಫೋನು, ಇವೆರಡನ್ನೇ 38 ಮಕ್ಕಳು ಸರದಿಯ ಮೇಲೆ ಬಳಸುತ್ತಿದ್ದರು. ನಾಚಿಕೆಯ ಮಕ್ಕಳು ಫೋನ್ ಹಿಡಿದು ಜಗಲಿಯ ಕೊನೆಗೆ ಹೋಗಿ, ಕಂಬದ ಮರೆಯಲ್ಲಿ ನಿಂತು ಹೇಳಿಬರುತ್ತಿದ್ದರು. ನಗುವವರಿಲ್ಲದ ಕಡೆ ಹತ್ತು ಸಲ ತಪ್ಪು ಹೇಳಬಹುದು ಎಂಬುದೇ ಅವರಿಗೆ ದೊಡ್ಡ ಬಿಡುಗಡೆಯಾಗಿತ್ತು. ನಮ್ಮ ಹುಡುಗಿಯೂ ಹಾಗೆಯೇ ಹೋಗಿ, ‘ಕೋಳಿ ಮೊಟ್ಟೆ ಇಟ್ಟಿತು’ ಎಂಬರ್ಥದ ಇಂಗ್ಲಿಷ್ ವಾಕ್ಯವನ್ನು ಹೇಳಿ, ಫೋನು ಅದನ್ನು ಒಂದಕ್ಷರವೂ ತಪ್ಪದೆ ಬರೆದದ್ದನ್ನು ಓಡಿಬಂದು ತೋರಿಸಿದ್ದಳು. ಅದೇ ಆ ‘ಮೊನ್ನೆ’. ಏಳು ತಿಂಗಳಲ್ಲಿ ಅವಳ ಮುಖದಲ್ಲಿ ಅಂಥ ಗೆಲುವನ್ನು ನಾನು ಕಂಡಿರಲಿಲ್ಲ. ಅವಳು ‘ಯೆನ್’ ಎಂದೇ ಹೇಳಿದ್ದು ನನಗೆ ಜಗಲಿಯಿಂದಲೇ ಕೇಳಿಸಿತ್ತು. ಆದರೂ ಗೆಲುವನ್ನು ಕೆಡಿಸಲು ಮನಸ್ಸಾಗದೆ ಸುಮ್ಮನಿದ್ದೆ.

ಇಂಥ ಸಾಧನಗಳು ಧ್ವನಿಯನ್ನು ಮಾತ್ರ ನೆಚ್ಚಿಕೊಂಡು ಬರೆಯುವುದಿಲ್ಲ; ಅಕ್ಕಪಕ್ಕದ ಪದಗಳನ್ನು ನೋಡಿ, ಇಲ್ಲಿ ಯಾವ ಪದ ಇರುವ ಸಂಭವ ಹೆಚ್ಚು ಎಂದು ಊಹಿಸಿ ಬರೆಯುತ್ತವೆ. ಮೊಟ್ಟೆಯ ಮಾತು ಬಂದಾಗ ಇಟ್ಟದ್ದು ಕೋಳಿಯೇ ಇರಬೇಕೆಂಬುದು ಅದರ ಊಹೆ. ವಾಕ್ಯವನ್ನು ಕಿತ್ತು ಪದವೊಂದನ್ನೇ ಹೇಳಿಸಿದರೆ ಊಹೆಗೆ ಆಧಾರ ತಪ್ಪಿ ಉಚ್ಚಾರಣೆಯ ಕೊರತೆ ಬಯಲಾಗುತ್ತದೆ. ಹಾಗೆಂದು ಅದೂ ನಂಬಿಕೆಗೆ ಅರ್ಹವಲ್ಲ, ಸರಿಯಾಗಿ ಹೇಳಿದ ಅಪರೂಪದ ಪದವನ್ನು ಬಿಟ್ಟು ಬಳಕೆಯ ಪದವನ್ನು ಬರೆದುಬಿಡುವುದೂ ಉಂಟು. ಬನಿಯನ್ನಿನ ‘ವೆಸ್ಟ್’ ಅನ್ನು ಹಲ್ಲು ತಾಗಿಸಿ ಚೆನ್ನಾಗಿ ಹೇಳಿದ ಹುಡುಗನಿಗೆ ಮೂರು ಸಲ ‘ಬೆಸ್ಟ್’ ಎಂದು ಬಂದು, ಅವನು ಸರಿಯಿದ್ದದ್ದನ್ನೇ ತಿದ್ದಿಕೊಳ್ಳಲು ಹೊರಟಿದ್ದ. ಆದ್ದರಿಂದ ಫೋನು ಬರೆದದ್ದನ್ನು ತೀರ್ಪೆಂದು ತೆಗೆದುಕೊಳ್ಳಬಾರದು; ಪಕ್ಕದಲ್ಲಿ ಶಿಕ್ಷಕರ ಕಿವಿ ಇರಲೇಬೇಕು. ಇದನ್ನೆಲ್ಲ ಆ ಬೆಳಿಗ್ಗೆ ಅವಳಿಗೆ ಬಿಡಿಸಿ ಹೇಳಿದೆ, ಮೊನ್ನೆಯೇ ಹೇಳಬೇಕಿತ್ತು ಎಂಬುದನ್ನೂ ಹೇಳಿದೆ. ಅವಳ ಕಣ್ಣು ತುಂಬಿತು. “ನಮ್ಮನೇಲಿ ಎಲ್ರೂ ಇಂಗೇ ಮಾತಾಡೋದು ಮಿಸ್, ನಂಗೆ ಬರಲ್ಲ” ಎಂದಳು.

ಅಷ್ಟರಲ್ಲಿ ನೆಟ್‌ವರ್ಕ್ ಹೋಯಿತು. ನಮ್ಮ ಊರಿನಲ್ಲಿ ಅದು ದಿನನಿತ್ಯದ ಮಾತು. ನಿಘಂಟಿನಲ್ಲಿ ಮತ್ತೊಮ್ಮೆ ಕೇಳಿಸೋಣವೆಂದು ಕಾಯುತ್ತಿದ್ದಾಗ ಫೋನಿನ ಪರದೆ ಕಪ್ಪಾಯಿತು. ಹೊರಗೆ ಕಬ್ಬಿನ ಗದ್ದೆಗಳ ಮೇಲೆ ಇನ್ನೂ ಮಂಜಿತ್ತು, ಕಿಟಕಿಯ ಸರಳುಗಳು ತಣ್ಣಗಿದ್ದವು, ಮಾತನಾಡಿದರೆ ಬಾಯಿಂದ ಹೊಗೆಯಂತೆ ಉಸಿರು ಬರುತ್ತಿತ್ತು. ನನಗೆ ಏನು ಹೊಳೆಯಿತೋ, ಫೋನಿನ ಗಾಜನ್ನು ಸೆರಗಿನಿಂದ ಒರೆಸಿ, ಅವಳ ಬಾಯಿಯ ಮುಂದೆ ಒಂದು ಗೇಣಿಗೂ ಕಡಿಮೆ ದೂರದಲ್ಲಿ ಹಿಡಿದು, “ಇಂಗ್ಲಿಷ್ ಬೇಡಮ್ಮ, ‘ಅಕ್ಕಿ’ ಅನ್ನು” ಎಂದೆ. ಅಂದಳು. ಗಾಜು ಹೆಚ್ಚುಕಡಿಮೆ ಹಾಗೆಯೇ ಇತ್ತು. “ಈಗ ಚಳಿಗೆ ಕೈ ಬೆಚ್ಚಗೆ ಮಾಡಿಕೊಳ್ಳುವಾಗ ಊದುತ್ತೀಯಲ್ಲ, ಹಾಗೆ ಮೊದಲು ಉಸಿರು ಬಿಟ್ಟು, ಅದೇ ಉಸಿರಿನಲ್ಲಿ ‘ಅಕ್ಕಿ’ ಅನ್ನು” ಎಂದೆ. ಎರಡು ಸಲ ಆಗಲಿಲ್ಲ. ಮೂರನೆಯ ಸಲ ಕಪ್ಪು ಗಾಜಿನ ನಡುವೆ ಎಂಟಾಣೆಯಷ್ಟಗಲದ ಮಂಜು ಮೂಡಿ, ಅಂಚಿನಿಂದ ಒಳಕ್ಕೆ ಮೆಲ್ಲಗೆ ಕರಗಿಹೋಯಿತು. ಆಗ ಅವಳ ಬಾಯಿಂದ ಬಂದದ್ದು ‘ಹಕ್ಕಿ’.

ಮುಂದಿನ ಹತ್ತು ನಿಮಿಷ ಇಡೀ ತರಗತಿ ನನ್ನ ಮೇಜಿನ ಸುತ್ತ ಸೇರಿತ್ತು. ಜೂನಿನಲ್ಲಿ ನಕ್ಕ ಹುಡುಗರೂ ಸರದಿಯಲ್ಲಿ ನಿಂತು ‘ಹೆನ್’, ‘ಹ್ಯಾಟ್’, ‘ಹೌಸ್’ ಎಂದು ಗಾಜಿಗೆ ಮಂಜು ಕಟ್ಟಿಸಿದರು. ಅವರಲ್ಲಿ ಕೆಲವರಿಗೆ ಮೊದಲ ಸಲ ಕಟ್ಟಲಿಲ್ಲ; ಆಗ ಯಾರೂ ನಗಲಿಲ್ಲ.

ಮನೆಯ ಮಾತು ಕೀಳೆಂಬ ಭಾವನೆ ಮಾತ್ರ ಅವಳಲ್ಲಿ ಉಳಿಯಬಾರದಿತ್ತು. ಹಳಗನ್ನಡ ಪದ್ಯಗಳಲ್ಲಿ ಮಕ್ಕಳು ‘ಪಾಲ್’, ‘ಪುಲಿ’, ‘ಪೋಗು’ ಎಂಬ ರೂಪಗಳನ್ನು ಕಂಡಿದ್ದರು. ಆ ಪಕಾರವೇ ಮುಂದೆ ಹಕಾರವಾಗಿ ‘ಹಾಲು’, ‘ಹುಲಿ’, ‘ಹೋಗು’ ಆಯಿತು. ನಮ್ಮ ಸೀಮೆಯ ಆಡುಮಾತು ಇನ್ನೂ ಒಂದು ಹೆಜ್ಜೆ ನಡೆದು ಆ ಹಕಾರವನ್ನೂ ಬಿಟ್ಟಿತು. ಕನ್ನಡ ನಡೆದ ದಾರಿಯಲ್ಲೇ ನಿಮ್ಮ ಅಜ್ಜಿಯ ಮಾತೂ ನಡೆದಿದೆ, ಅದರಲ್ಲಿ ತಪ್ಪೇನಿಲ್ಲ, ಇಂಗ್ಲಿಷಿಗೆ ಬೇಕಾದಾಗ ಹಾಕಿಕೊಳ್ಳಲು ಒಂದು ಉಸಿರನ್ನು ಕೂಡ ಇಟ್ಟುಕೋ ಎಂದೆ. ಲಂಡನ್ನಿನ ದುಡಿಯುವ ಜನರ ಆಡುಮಾತಿನಲ್ಲಿಯೂ ‘ಹೌಸ್’ ಎಂಬುದು ‘ಔಸ್’ ಆಗುತ್ತದೆ ಎಂದಾಗ ಅವಳಿಗೆ ನಂಬಿಕೆಯೇ ಬರಲಿಲ್ಲ.

ಆಮೇಲಿನ ದಿನಗಳಲ್ಲಿ ಅವಳು ಸಿಕ್ಕಲ್ಲೆಲ್ಲ ಉಸಿರು ಸೇರಿಸತೊಡಗಿದಳು. ಆನೆಯೂ ಒಮ್ಮೆ ‘ಹಾನೆ’ ಆಯಿತು. ಹೊಸದಾಗಿ ಕೈಗೆ ಬಂದದ್ದನ್ನು ಎಲ್ಲೆಡೆ ಬಳಸಿನೋಡುವುದು ಕಲಿಕೆಯ ಸಹಜ ಹಂತವಾದ್ದರಿಂದ ನಾನು ತಿದ್ದಲು ಅವಸರ ಮಾಡಲಿಲ್ಲ. ಫೆಬ್ರವರಿಯ ಮೊದಲ ವಾರ, ಯಾರೂ ಕರೆಯದೆಯೇ ಎದ್ದು ನಿಂತು ಒಂದು ಪುಟ ಓದಿದಳು. ಗಂಟೆ ಎಂಬರ್ಥದ ಪದ ಬಂದಾಗ ‘ಹವರ್’ ಎಂದು ಜೋರಾಗಿ ಉಸಿರು ಬಿಟ್ಟು ಓದಿ, ನನ್ನ ಮುಖ ನೋಡಿ ಏನೋ ಅನುಮಾನ ಬಂದು, ಕೈ ಚಾಚಿ ಫೋನ್ ಕೇಳಿದಳು. ನಿಘಂಟು ತೆರೆದು ತಾನೇ ಅಕ್ಷರ ಕೂಡಿಸಿ ಟೈಪಿಸಿ, ಬ್ರಿಟಿಷ್ ಗುರುತನ್ನೊಮ್ಮೆ, ಅಮೆರಿಕನ್ ಗುರುತನ್ನೊಮ್ಮೆ ಒತ್ತಿ, ಫೋನನ್ನು ಕಿವಿಗೆ ಆನಿಸಿಕೊಂಡು ಕೇಳಿದಳು. ಎರಡರಲ್ಲಿಯೂ ಹಕಾರವಿರಲಿಲ್ಲ.

“ಇವ್ರೂ ನಮ್ಮಂಗೇ ಬಿಟ್ಬುಟ್ಟವ್ರಲ್ಲ ಮಿಸ್!” ಎಂದಳು.

ಫ್ರೆಂಚ್ ಮೂಲಕ ಬಂದ ಕೆಲವು ಪದಗಳಲ್ಲಿ ಹಾಗಿದೆ ಎಂದು ಹೇಳಿ, ‘ಅವರ್’, ‘ಆನೆಸ್ಟ್’, ‘ಆನರ್’ ಎಂಬ ಮೂರನ್ನು ಹಲಗೆಯ ಮೇಲೆ ಬರೆದೆ. ಅವಳು ಬಂದು ಸೀಮೆಸುಣ್ಣ ತೆಗೆದುಕೊಂಡು, ಅವುಗಳ ಕೆಳಗೆ ಕನ್ನಡದಲ್ಲಿ ‘ಆಲು, ಅಸ, ಓಗು’ ಎಂದು ಬರೆದು, ಕೈ ಕೊಡವಿಕೊಂಡು ತನ್ನ ಜಾಗಕ್ಕೆ ಹೋಗಿ ಕುಳಿತಳು.